ಪದ ಪರಿಚಯ: ಹೆಪ್ಪು, ಗರಣೆ ಮತ್ತು ಕಾಲಿನ ಪ್ಲಾಸ್ಟರ್

"ಶುಗರ್ ಇರುವವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಳ್ಳಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿ ಕಾಲು ಕೊಳೆಯುತ್ತದೆ." ಈ ಸಾಲು ವಾಟ್ಸಾಪಿನಲ್ಲಿ ನನಗೆ ಬಂದದ್ದು ಇದು ನಾಲ್ಕನೆಯ ಸಲ. ಮೊದಲ ಮೂರು ಸಲ ಸುಮ್ಮನಿದ್ದೆ. ಈ ಸಲ ಕಳಿಸಿದವರು ವಿಜ್ಞಾನದ ಮೇಷ್ಟ್ರು, ಹಾಗಾಗಿ ಬರೆಯಲೇಬೇಕು ಅನ್ನಿಸಿತು. ಎರಡು ಬೇರೆ ನಾಳಗಳಲ್ಲಿ ಆಗುವ ಎರಡು ಬೇರೆ ತೊಂದರೆಗಳನ್ನು "ಹೆಪ್ಪುಗಟ್ಟು" ಎಂಬ ಒಂದೇ ಕ್ರಿಯಾಪದ ಇಲ್ಲಿ ಒಂದಾಗಿಸಿಬಿಟ್ಟಿದೆ.

ಹೆಪ್ಪು ಅಂದರೇನು ಎಂದು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಮೊಸರು ಬಿಟ್ಟು ಮುಚ್ಚಿಡುತ್ತೇವಲ್ಲ, ಆ ಅರ್ಧ ಚಮಚವೇ ಹೆಪ್ಪು. ಹಳಗನ್ನಡದ ಪಕಾರ ಹಕಾರವಾದ ಪದಗಳ ಸಾಲಿನದು ಇದು. ಪಾಲು ಹಾಲಾದಂತೆ ಪೆಪ್ಪು ಹೆಪ್ಪಾಯಿತು. ತುಪ್ಪ ಗಟ್ಟಿಯಾಗುವುದಕ್ಕೆ ಹೇಳುವ "ಹೆರೆ" ಇದರ ಹತ್ತಿರದ ನೆಂಟ. ರಕ್ತ ಗಟ್ಟಿಯಾಗುವುದನ್ನು ಕಂಡು ಹಾಲನ್ನು ನೆನೆದವರು ನಾವಷ್ಟೇ ಅಲ್ಲ. ತಮಿಳರು ಹಾಲಿಗೆ ಬಿಡುವುದು "ಉರೈ" ಮೋರು, ರಕ್ತ ಹೆಪ್ಪುಗಟ್ಟುವುದಕ್ಕೆ ಅವರು ಹೇಳುವುದು "ಉರೈವು". ನಾಳದೊಳಗೆ ಕಟ್ಟಿದ ರಕ್ತದ ಮುದ್ದೆಗೆ ವೈದ್ಯರು ಬಳಸುವ ಥ್ರಾಂಬಸ್ ಎಂಬ ಪದಕ್ಕೆ ಮೂಲವಾದ ಗ್ರೀಕ್ ಪದಕ್ಕೂ ರಕ್ತದ ಮುದ್ದೆ, ಹಾಲಿನ ಗಡ್ಡೆ ಎಂಬ ಎರಡೂ ಅರ್ಥಗಳಿವೆ.

ಈ ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದರಲ್ಲೇ ನನ್ನ ತಕರಾರಿನ ಮೂಲವಿದೆ. ಮೊಸರಾಗಲು ಹಾಲಿನ ಗುಣ ಸರಿಯಿರಬೇಕು, ಹೆಪ್ಪು ಬೀಳಬೇಕು, ಪಾತ್ರೆ ಅಲ್ಲಾಡಬಾರದು. ಹೆಪ್ಪು ಹಾಕಿದ ಪಾತ್ರೆಯನ್ನು ಮುಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ಬೈಸಿಕೊಳ್ಳದವರು ಯಾರು? ರುಡಾಲ್ಫ್ ವಿರ್ಚೋ ಎಂಬ ಜರ್ಮನ್ ವೈದ್ಯನ ಹೆಸರಿನಲ್ಲಿ ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಮೂರು ಕಾರಣಗಳೂ ಹೆಚ್ಚು ಕಡಿಮೆ ಇವೇ: ರಕ್ತದ ಗುಣ ಬದಲಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದ ಓಟ ನಿಧಾನವಾಗುವುದು. ನಿಶ್ಚಲತೆಯ ಸುಳಿವು ನಮ್ಮ ಪದದಲ್ಲೇ ಇದೆ. ಆದರೆ ಹಾಲು ಪಾತ್ರೆ ತುಂಬ ಹೆಪ್ಪಾಗುತ್ತದೆ, ಕಾಲಿನ ರಕ್ತ ಹಾಗಲ್ಲ. ಅದು ಒಂದು ಕಡೆ, ಸಾಮಾನ್ಯವಾಗಿ ನಾಳದೊಳಗಿನ ಕವಾಟದ ಹಿಂದಿನ ಸಣ್ಣ ಚೀಲದಂಥ ಜಾಗದಲ್ಲಿ, ಮುದ್ದೆ ಕಟ್ಟಲು ಶುರುವಾಗುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸ, ಮೊಸರು ಇದ್ದಲ್ಲೇ ಇರುತ್ತದೆ. ಕಾಲಿನ ಮುದ್ದೆ ಕಿತ್ತು ಹೊರಡಬಲ್ಲದು. "ಹೆಪ್ಪುಗಟ್ಟಿದೆ" ಎಂದಾಗ ಈ ಪ್ರಯಾಣದ ಅಪಾಯ ಯಾರ ಮನಸ್ಸಿಗೂ ಬರುವುದಿಲ್ಲ.

ಆ ಮುದ್ದೆಗೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಗರಣೆ, ಕೆಲವರ ಬಾಯಲ್ಲಿ ಕರಣೆ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ದೇಹ ತನ್ನನ್ನು ಕಾಪಾಡಿಕೊಳ್ಳುವ ಕೆಲಸ, ಅದಾಗದಿದ್ದರೆ ಬದುಕಿಲ್ಲ. ಹರಿಯಬೇಕಾದ ನಾಳದೊಳಗೆ ಕೂತ ಮುದ್ದೆ ಗರಣೆ. ಇಷ್ಟನ್ನು ಬೇರ್ಪಡಿಸಿ ಹೇಳಿದರೂ ಅರ್ಧ ಗೊಂದಲ ಕಳೆಯುತ್ತದೆ. ಇತ್ತೀಚೆಗೆ ಕೆಲವರು "ರಕ್ತದ ಗಡ್ಡೆ" ಅನ್ನುತ್ತಾರೆ. ದಯವಿಟ್ಟು ಬೇಡ. ಗಡ್ಡೆ ಎಂದ ತಕ್ಷಣ ರೋಗಿಯ ಮನೆಯವರಿಗೆ ಕ್ಯಾನ್ಸರ್ ನೆನಪಾಗುತ್ತದೆ.

ಎರಡನೆಯ ಗೊಂದಲ ನಾಳದ್ದು. ಶಾಲೆಯ ಪುಸ್ತಕದಲ್ಲಿ ಅಪಧಮನಿ, ಅಭಿಧಮನಿ ಎಂದು ಓದಿದ್ದೇವೆ. ಉಪಸರ್ಗ ಮಾತ್ರ ಬೇರೆಯಾದ ಈ ಜೋಡಿಯನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತೇವೆ. ಆಡುಮಾತಿನಲ್ಲಂತೂ ಎಲ್ಲವೂ "ನರ". ಉಬ್ಬಿ ಕಾಣುವ ರಕ್ತನಾಳವೂ ನರ, ಸ್ಪರ್ಶ ತಿಳಿಸುವುದೂ ನರ, ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಯೂ ನರ. ಮಧುಮೇಹದ ಪಾದದ ವಿಷಯದಲ್ಲಿ ಇದು ಬಹಳ ಹಾನಿ ಮಾಡುತ್ತದೆ, ಏಕೆಂದರೆ ಅಲ್ಲಿ ಸ್ಪರ್ಶದ ನರ, ಅಪಧಮನಿ, ಅಭಿಧಮನಿ ಮೂರೂ ಕೆಡಬಹುದು, ಮೂರಕ್ಕೂ ಚಿಕಿತ್ಸೆ ಬೇರೆ. ಸ್ಪರ್ಶದ ನರ ಸತ್ತರೆ ನೋವು ಗೊತ್ತಾಗದೆ ಹುಣ್ಣಾಗುತ್ತದೆ. ಅಪಧಮನಿ, ಅಂದರೆ ಪಾದಕ್ಕೆ ರಕ್ತ ತರುವ ನಾಳ, ಕೊಬ್ಬು ಸುಣ್ಣ ಕಟ್ಟಿ ಕಿರಿದಾದರೆ ಬೆರಳು ತಣ್ಣಗಾಗಿ ಕಪ್ಪಾಗುತ್ತದೆ. "ಕೊಳೆಯುವುದು" ಎಂದು ಸಂದೇಶದಲ್ಲಿ ಹೇಳಿದ್ದು ಇದನ್ನು. ಅಭಿಧಮನಿ, ಅಂದರೆ ಪಾದದಿಂದ ಹೃದಯಕ್ಕೆ ರಕ್ತ ಮರಳಿಸುವ ನಾಳ, ಅದರಲ್ಲಿ ಗರಣೆ ಕೂತರೆ ಕಾಲು ಊದುತ್ತದೆ. ಪ್ಲಾಸ್ಟರಿನ ಜೊತೆಗೆ ವೈದ್ಯರು ಮಾತನಾಡುವ ಗರಣೆ ಈ ಎರಡನೆಯ ನಾಳದ್ದು. ಅದು ಕಾಲನ್ನು ಕೊಳೆಸುವುದು ತೀರಾ ಅಪರೂಪ. ಅದರ ನಿಜವಾದ ಅಪಾಯ ಇರುವುದು ಮೇಲೆ: ಕಿತ್ತು ಹೋದ ತುಂಡು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ನಾಳಕ್ಕೆ ಅಡ್ಡ ಕೂರುತ್ತದೆ. ಜನ ಪಾದ ನೋಡುತ್ತಾ ಕೂತಿರುತ್ತಾರೆ, ಆಪತ್ತು ಎದೆಯಲ್ಲಿ ಬರುತ್ತದೆ.

ನನ್ನ ದೊಡ್ಡಮ್ಮನಿಗೆ ಹೆಬ್ಬೆರಳ ಬುಡದಲ್ಲಿ, ಪಾದದಡಿ, ಒಂದು ರೂಪಾಯಿ ನಾಣ್ಯದಗಲದ ಹುಣ್ಣಿತ್ತು. ನೋವಿಲ್ಲ, ಅದಕ್ಕೇ ನಡೆದೇ ನಡೆದರು. ರಕ್ತಸಂಚಾರ ಚೆನ್ನಾಗಿದೆ ಎಂದು ನೋಡಿಕೊಂಡೇ ವೈದ್ಯರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಮೂರನೆಯ ದಿನ ನೋಡಲು ಬಂದ ನೆಂಟರೊಬ್ಬರು "ಅಯ್ಯೋ ಅಕ್ಕ, ಒಳಗೆ ಹೆಪ್ಪುಗಟ್ಟುತ್ತಂತೆ, ಕಾಲೇ ಹೋಗುತ್ತಂತೆ" ಅಂದರು. ಸಂಜೆಗೆ ಪಕ್ಕದ ಮನೆಯ ಹುಡುಗನಿಂದ ಪ್ಲಾಸ್ಟರ್ ಕೊಯ್ಯಿಸಿ, ಬರಿಗಾಲಲ್ಲಿ ಅಡುಗೆಮನೆಗೆ ಹೋದರು. ತಿಂಗಳು ತುಂಬುವಷ್ಟರಲ್ಲಿ ಹುಣ್ಣು ಮೂಳೆಗೆ ಇಳಿದಿತ್ತು, ಹೆಬ್ಬೆರಳು ತೆಗೆಯಬೇಕಾಯಿತು. ಆ ಬೆರಳು ಹೋದದ್ದು ಗರಣೆಯಿಂದಲ್ಲ, ಪ್ಲಾಸ್ಟರಿನಿಂದಲೂ ಅಲ್ಲ. ಒಂದು ಪದವನ್ನು ಅರ್ಧ ಅರ್ಥಮಾಡಿಕೊಂಡದ್ದರಿಂದ.

ಈ ಬಗೆಯ ಪ್ಲಾಸ್ಟರ್ ಮುರಿದ ಮೂಳೆಗೆ ಹಾಕುವಂಥದ್ದಲ್ಲ. ಪಾದದ ಆಕಾರಕ್ಕೆ ಅಂಟಿಕೊಂಡು, ಹುಣ್ಣಿನ ಮೇಲೆ ಬೀಳುವ ಭಾರವನ್ನು ಇಡೀ ಪಾದಕ್ಕೂ ಕಾಲಿಗೂ ಹಂಚುವುದು ಅದರ ಕೆಲಸ. ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದದ ಹುಣ್ಣಿಗೆ ಪ್ಲಾಸ್ಟರ್ ಹಾಕುವ ಪದ್ಧತಿ ಭಾರತ, ಸಿಲೋನುಗಳಲ್ಲಿ ಬೆಳೆಯಿತು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನಲ್ಲಿ ದುಡಿದ ಡಾ. ಪಾಲ್ ಬ್ರ್ಯಾಂಡ್ ಅದನ್ನು ಮುಂದೆ ಅಮೆರಿಕಕ್ಕೆ ಒಯ್ದರು. ಅಲ್ಲಿಂದ ಅದು ಮಧುಮೇಹದ ಪಾದಕ್ಕೆ ಬಂತು. ಪಾದದ ಮುಂಭಾಗದ, ನಡುಭಾಗದ ಅಂಗಾಲಿನ ಹುಣ್ಣಿಗೆ ರೋಗಿ ತಾನೇ ಬಿಚ್ಚಲಾಗದ, ಮೊಣಕಾಲೆತ್ತರದ ಸಾಧನವೇ ಮೊದಲ ಆಯ್ಕೆ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈಗಲೂ ಹೇಳುತ್ತವೆ.

ಹಾಗಾದರೆ ಗರಣೆಯ ಭಯ ಸುಳ್ಳೇ? ಅಲ್ಲ. ಕಾಲಿನ ಹಿಂಭಾಗದ ಮೀನಖಂಡ ನಡೆದಾಗಲೆಲ್ಲ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕಣಕಾಲು ಮಡಿಚದಂತೆ ಕಟ್ಟಿದರೆ ಈ ಪಂಪು ಸೊರಗುತ್ತದೆ. ಅಲ್ಲಾಡದ ಪಾತ್ರೆಯ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಹುಣ್ಣಿನ ಸೋಂಕು, ಬೊಜ್ಜು, ವಯಸ್ಸು, ಹಾಸಿಗೆ ಹಿಡಿದ ದಿನಗಳು ಸೇರಿದರೆ ಅಪಾಯ ಏರುತ್ತದೆ. ಹಿಂದೆ ಗರಣೆ ಕಟ್ಟಿದ್ದವರಿಗೆ, ಕ್ಯಾನ್ಸರ್ ಇರುವವರಿಗೆ ಇನ್ನೂ ಹೆಚ್ಚು. ಪ್ಲಾಸ್ಟರ್ ಹಾಕಿಕೊಂಡೇ ಮಿತವಾಗಿ ಓಡಾಡುವವರಿಗೂ ಕಾಲು ನೆಲಕ್ಕೂರದೆ ದಿನವಿಡೀ ಮಲಗುವವರಿಗೂ ಅಪಾಯ ಒಂದೇ ಅಲ್ಲ. ಎಲ್ಲರಿಗೂ ಮುಂಚೆಯೇ ಗರಣೆ ಕಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ನೆದರ್ಲೆಂಡ್ಸಿನಲ್ಲಿ ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡ, ಹೆಚ್ಚಾಗಿ ಮೂಳೆ ಮುರಿದ, ಸುಮಾರು 1,400 ಜನರ ಮೇಲೆ ಇದನ್ನು ಪರೀಕ್ಷಿಸಿದರು. ತೊಂದರೆ ಕೊಡುವಂಥ ಗರಣೆ ಕಂಡದ್ದು ಇಂಜೆಕ್ಷನ್ ಪಡೆದವರಲ್ಲಿ ಶೇ. 1.4, ಪಡೆಯದವರಲ್ಲಿ ಶೇ. 1.8. ಆ ಅಂತರ ಲಾಭವೆಂದು ಹೇಳುವಷ್ಟು ಇರಲಿಲ್ಲ. ಅದಕ್ಕೇ ಯಾರಿಗೆ ಕೊಡಬೇಕು ಎಂಬುದನ್ನು ರಕ್ತಸ್ರಾವದ ಅಪಾಯವನ್ನೂ ತೂಗಿ, ಒಬ್ಬೊಬ್ಬರಿಗೆ ಬೇರೆಯಾಗಿ ವೈದ್ಯರು ತೀರ್ಮಾನಿಸುತ್ತಾರೆ.

"ರಕ್ತ ತೆಳು ಮಾಡುವ ಮಾತ್ರೆ ತಗೋತಾ ಇದೀನಿ, ನನಗೇನೂ ಆಗಲ್ಲ" ಎಂಬ ಮಾತೂ ಇಲ್ಲೇ ಬರುತ್ತದೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ಯಾವ ಮಾತ್ರೆಯೂ ರಕ್ತವನ್ನು ತೆಳುವಾಗಿಸುವುದಿಲ್ಲ. ಹೃದಯಕ್ಕೆಂದು ನುಂಗುವ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ. ಹೆಪಾರಿನ್ ಬೇರೆ ದಾರಿಯಲ್ಲಿ, ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಡೆದು, ಕೆಲಸ ಮಾಡುತ್ತದೆ. ಒಂದನ್ನು ನುಂಗುತ್ತಿದ್ದೇನೆ ಎಂದು ಇನ್ನೊಂದರ ರಕ್ಷಣೆ ಸಿಕ್ಕಿತು ಎಂದುಕೊಳ್ಳಬಾರದು.

ಕಾಲು ಪ್ಲಾಸ್ಟರಿನೊಳಗೆ ಇರುವಾಗ ಗರಣೆಯನ್ನು ಪತ್ತೆಹಚ್ಚುವುದು ಕಷ್ಟ, ಸ್ಪರ್ಶ ಹೋದವರಲ್ಲಿ ಇನ್ನೂ ಕಷ್ಟ. ಮೀನಖಂಡದ ನೋವು ಗೊತ್ತಾಗದಿರಬಹುದು. ಆದ್ದರಿಂದ ನೋವಿಗೆ ಕಾಯದೆ ಕಣ್ಣಿಗೆ ಕಾಣುವುದನ್ನು ನೋಡಬೇಕು: ನಿನ್ನೆ ಸಡಿಲವಿದ್ದ ಪ್ಲಾಸ್ಟರ್ ಇವತ್ತು ಬಿಗಿಯಾಗಿದೆಯೇ, ಬೆರಳು ಊದಿದೆಯೇ, ಮೊಣಕಾಲಿನ ಮೇಲಿನ ತೊಡೆ ಇನ್ನೊಂದಕ್ಕಿಂತ ದಪ್ಪವಾಗಿದೆಯೇ. ಎರಡನೆಯ ಸಲ ಪ್ಲಾಸ್ಟರ್ ಹಾಕಿಸಿಕೊಂಡಾಗ ದೊಡ್ಡಮ್ಮ ರವಿಕೆ ಅಳತೆಯ ಟೇಪಿನಿಂದ ಪ್ರತಿ ಸಂಜೆ ಎರಡೂ ತೊಡೆಗಳನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಊದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಎರಡೂ ಬೇಡ. ತಿಕ್ಕಿದರೆ ಗರಣೆ ಕಿತ್ತು ಹೋಗಬಹುದು, ಸ್ಪರ್ಶವಿಲ್ಲದ ಕಾಲು ಶಾಖಕ್ಕೆ ಬೆಂದರೂ ತಿಳಿಯುವುದಿಲ್ಲ. ಪ್ಲಾಸ್ಟರನ್ನು ಮನೆಯಲ್ಲಿ ಕೊಯ್ಯದೆ, ಹಾಕಿದವರ ಹತ್ತಿರ ಅದೇ ದಿನ ಹೋಗಿ ಬಿಚ್ಚಿಸಿ, ನಾಳದಲ್ಲಿ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಆಂಬುಲೆನ್ಸಿಗೆ 108 ಒತ್ತಬೇಕು. ತುರ್ತು ವಿಭಾಗದಲ್ಲಿ "ಕಾಲಲ್ಲಿ ಹೆಪ್ಪುಗಟ್ಟಿದೆಯಂತೆ" ಎಂದು ಹೇಳಿ ನಿಲ್ಲಬೇಡಿ. "ಮೂರು ವಾರದಿಂದ ಕಾಲಿಗೆ ಪ್ಲಾಸ್ಟರ್ ಇದೆ, ಈಗ ಉಸಿರಾಡಲು ಆಗುತ್ತಿಲ್ಲ, ಗರಣೆ ಶ್ವಾಸಕೋಶಕ್ಕೆ ಹೋಗಿರಬಹುದೇ ನೋಡಿ" ಅನ್ನಿ.