ಇನ್ನೂರು ವರ್ಷದ ಪೆನ್ನಿ, ಟಂಕಸಾಲೆಯ ಮೆರುಗು

ಟಂಕಸಾಲೆಯಿಂದ ಆಗತಾನೇ ಹೊರಬಿದ್ದ ತಾಮ್ರದ ನಾಣ್ಯದ ಬಣ್ಣವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿಲ್ಲ. ಕೈಗೆ ಸಿಗುವ ಹಳೆಯ ತಾಮ್ರವೆಲ್ಲ ಕಂದು, ಇಲ್ಲವೇ ಕಪ್ಪು, ಇಲ್ಲವೇ ಕಿಲುಬು ಹಿಡಿದು ಹಸಿರು. ಚಿನ್ನದ ನಾಣ್ಯ ಸಾವಿರ ವರ್ಷ ಮಣ್ಣಲ್ಲಿದ್ದರೂ ಹೊಳೆಯುತ್ತದೆ, ಏಕೆಂದರೆ ಅದು ಗಾಳಿ ನೀರುಗಳ ಗೊಡವೆಗೆ ಹೋಗುವುದಿಲ್ಲ. ತಾಮ್ರ ಹಾಗಲ್ಲ. ಆಮ್ಲಜನಕ, ಗಂಧಕ, ಉಪ್ಪು, ಬೆವರು ಯಾವುದು ಸಿಕ್ಕರೂ ಅದರ ಜೊತೆ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ಬ್ರಿಟನ್ನಿನ ತಾಮ್ರದ ನಾಣ್ಯವಾದ 1797ರ ಒಂದು ಪೆನ್ನಿ ಅಕ್ಷರಗಳ ಸಂದಿಯಲ್ಲಿ ಇನ್ನೂ ಮೊದಲ ಕೆಂಪನ್ನು ಉಳಿಸಿಕೊಂಡಿದೆಯೆಂದರೆ ಸಂಗ್ರಾಹಕರು ಅದಕ್ಕೆ ಅಷ್ಟು ಬೆಲೆ ಕೊಡುತ್ತಾರೆ. ಆ ಬೆಲೆ ಲೋಹಕ್ಕಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಮೇಲ್ಮೈಗೆ.

1797ರ ಪೆನ್ನಿಯ ಹೆಸರನ್ನೇ ಹೇಳಲು ಕಾರಣವಿದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಚಿಲ್ಲರೆಯ ಸ್ಥಿತಿ ಕೆಟ್ಟುಹೋಗಿತ್ತು. ಚಲಾವಣೆಯಲ್ಲಿದ್ದ ತಾಮ್ರದಲ್ಲಿ ಖೋಟಾ ನಾಣ್ಯಗಳೇ ಹೆಚ್ಚು. ಬರ್ಮಿಂಗ್‌ಹ್ಯಾಮ್‌ನ ಉದ್ಯಮಿ ಮ್ಯಾಥ್ಯೂ ಬೋಲ್ಟನ್, ತನ್ನ ಪಾಲುದಾರ ಜೇಮ್ಸ್ ವಾಟ್‌ನ ಉಗಿಯಂತ್ರಗಳನ್ನು ಸೋಹೊದ ತನ್ನ ಟಂಕಸಾಲೆಯಲ್ಲಿ ಅಚ್ಚು ಹಾಕಲು ಹೂಡಿದ. ಸರ್ಕಾರ ಅವನಿಗೆ ಗುತ್ತಿಗೆ ಕೊಟ್ಟಿತು. ಹೊರಬಂದ ಪೆನ್ನಿಯ ತೂಕ ಸರಿಯಾಗಿ ಒಂದು ಔನ್ಸ್, ಅಂದರೆ 28 ಗ್ರಾಂಗಿಂತ ತುಸು ಹೆಚ್ಚು. ಎರಡು ಪೆನ್ನಿಯದು ಅದರ ಇಮ್ಮಡಿ. ದಪ್ಪ ಅಂಚಿನ ಈ ನಾಣ್ಯವನ್ನು ಜನ ಬಂಡಿಚಕ್ರವೆಂದೇ ಕರೆದರು. ಪೆನ್ನಿಗಳೇ 4 ಕೋಟಿಗೂ ಹೆಚ್ಚು ಅಚ್ಚಾದವು.

ಅದರ ವಿನ್ಯಾಸವನ್ನು ನಾನು ಮೆಚ್ಚಿ ಮುಗಿಯುವುದಿಲ್ಲ. ಶುದ್ಧ ತಾಮ್ರ ಮೆತು ಲೋಹ, ಜೇಬಿನಲ್ಲಿ ಉಜ್ಜಿಯೇ ಸವೆಯುತ್ತದೆ. ಅದಕ್ಕೇ ಅಂಚನ್ನು ಅಗಲವಾಗಿ ಎತ್ತರಿಸಿ, ಅಕ್ಷರಗಳನ್ನು ಆ ಅಂಚಿನೊಳಕ್ಕೆ ಕೊರೆದಂತೆ ತಗ್ಗಿಸಿದರು. ಪೆಟ್ಟೆಲ್ಲ ಅಂಚಿಗೆ, ದೊರೆ ಮೂರನೇ ಜಾರ್ಜ್‌ನ ಮುಖಕ್ಕೂ ಇನ್ನೊಂದು ಬದಿಯಲ್ಲಿ ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿಗೂ ರಕ್ಷಣೆ. ಆದರೆ ಅಷ್ಟು ಭಾರದ ನಾಣ್ಯಗಳು ಚೀಲದಲ್ಲಿ ಒಂದಕ್ಕೊಂದು ಬಡಿದರೆ ಅಂಚು ಜಜ್ಜದೆ ಉಳಿದೀತೇ? ಅಂಚಿನಲ್ಲಿ ಏಟಿಲ್ಲದ ಬಂಡಿಚಕ್ರ ಇವತ್ತಿಗೂ ದುರ್ಲಭ. ಮುಂದೆ ತಾಮ್ರದ ಬೆಲೆ ಏರಿದಾಗ ಎಷ್ಟೋ ನಾಣ್ಯಗಳು ಮೂಸೆ ಸೇರಿದವು. 1860ರಲ್ಲಿ ಬ್ರಿಟನ್ ಶುದ್ಧ ತಾಮ್ರವನ್ನೇ ಬಿಟ್ಟು, ನೂರಕ್ಕೆ 95 ಭಾಗ ತಾಮ್ರ, 4 ಭಾಗ ತವರ, 1 ಭಾಗ ಸತುವಿನ ಗಟ್ಟಿ ಕಂಚಿಗೆ ಹೊರಳಿತು.

ಇನ್ನು ಆ ಮೆರುಗಿನ ವಿಷಯ. ಅಚ್ಚಿನ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಮೇಲ್ಮೈಯಲ್ಲಿ ಅತಿ ಸಣ್ಣ ಗೆರೆಗಳನ್ನು ಬಿಡುತ್ತದೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡಿದರೆ ಬೆಳಕಿನ ಪಟ್ಟಿಯೊಂದು ಮುಖದ ಸುತ್ತ ತಿರುಗುತ್ತದೆ. ಹಾಗೆ ತಿರುಗಿದರೆ ಮೇಲ್ಮೈ ಮೂಲದ್ದು. ಇಡೀ ನಾಣ್ಯ ಒಂದೇ ಸಮನೆ ಹೊಳೆದರೆ ಯಾರೋ ಉಜ್ಜಿದ್ದಾರೆ.

ಬಣ್ಣ ಬದಲಾಗುವುದು ಆಮ್ಲಜನಕದಿಂದ. ತಾಮ್ರದ ಮೇಲೆ ಮೊದಲು ಕ್ಯುಪ್ರಸ್ ಆಕ್ಸೈಡ್‌ನ ತೆಳು ಪದರ ಮೂಡಿ, ಬರಬರುತ್ತಾ ದಪ್ಪವಾಗಿ ಕಂದಾಗುತ್ತದೆ. ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲಿಗೊಡ್ಡುತ್ತದೆ, ಈ ಪದರ ಮಾತ್ರ ಅಂಟಿಕೊಂಡೇ ಇದ್ದು ಮುಂದಿನ ದಾಳಿಯನ್ನು ನಿಧಾನಗೊಳಿಸುತ್ತದೆ. ಹಾಗಾಗಿ ಸಮನಾದ, ನುಣುಪಾದ ಕಂದು ಬಣ್ಣ ಕೊಳೆಯಲ್ಲ, ನಾಣ್ಯಕ್ಕೆ ಕಾಲವೇ ತೊಡಿಸಿದ ಕವಚ. ಕೆಂಪು ಪೂರ್ತಿ ಉಳಿದದ್ದಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ ನಿಜ. ಆದರೆ ಚೂಪಾದ ಗೆರೆಗಳ ಮೇಲೆ ಚಾಕೊಲೇಟ್ ಬಣ್ಣ ಸಮನಾಗಿ ಹರಡಿರುವ ಪೆನ್ನಿಯೇ ನನಗೆ ಹೆಚ್ಚು ಇಷ್ಟ. ಅದರ ರಸಾಯನ ಒಂದು ನೆಲೆಗೆ ಬಂದು ನಿಂತಿರುತ್ತದೆ; ಕೆಂಪು ನಾಣ್ಯ ಇನ್ನೂ ಬದಲಾಗಬೇಕಿದೆ.

ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ಥಳಥಳ ಮಾಡುವುದು ರೂಢಿ. ಬಿಂದಿಗೆಗೆ ಅದು ಸರಿ, ನಾಣ್ಯಕ್ಕೆ ಸರ್ವನಾಶ. ಹುಣಸೆಯ ಟಾರ್ಟಾರಿಕ್ ಆಮ್ಲ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ತಿಕ್ಕುವ ಕೈ ಆ ಸಣ್ಣ ಗೆರೆಗಳನ್ನು ಅಳಿಸುತ್ತದೆ. ಉಳಿಯುವುದು ಜೀವವಿಲ್ಲದ ಹಸಿ ಗುಲಾಬಿ ಬಣ್ಣ. ಕೆಲವೇ ದಿನಗಳಲ್ಲಿ ಅದೂ ಕಲೆಕಲೆಯಾಗಿ ಕಪ್ಪಾಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಉಪ್ಪಿನಲ್ಲಿರುವ ಕ್ಲೋರೈಡ್. ಅದು ತಾಮ್ರದೊಡನೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತದೆ. ಅದಕ್ಕೆ ತೇವ ಮತ್ತು ಗಾಳಿ ತಾಗಿದರೆ ತಿಳಿಹಸಿರು ಪುಡಿಯೂ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತವೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಕ್ಲೋರೈಡ್ ಹೀಗೆ ಖರ್ಚಾಗದೆ ಸುತ್ತುತ್ತಲೇ ಇರುವುದರಿಂದ ಚುಕ್ಕಿಯಷ್ಟು ಕಿಲುಬು ವರ್ಷಗಳಲ್ಲಿ ಗುಳಿಯಾಗುತ್ತದೆ. ಬೆವರಿನಲ್ಲೂ ಉಪ್ಪಿದೆ. ಕೆಂಪು ನಾಣ್ಯದ ಮುಖಕ್ಕೆ ಇಂದು ಒತ್ತಿದ ಹೆಬ್ಬೆರಳಿನ ಗುರುತು ಮುಂದೆ ಕಂದು ರೇಖೆಗಳಾಗಿ ಮೂಡಿ ಅಲ್ಲೇ ನಿಂತುಬಿಡುತ್ತದೆ. ಹಿಡಿಯುವುದಾದರೆ ಅಂಚನ್ನಷ್ಟೇ ಹಿಡಿಯಬೇಕು.

ಇಡುವ ಜಾಗವೂ ಅಷ್ಟೇ ಮುಖ್ಯ. ಬ್ರಿಟಿಷ್ ಸಂಗ್ರಾಹಕರು ಹಿಂದಿನಿಂದಲೂ ನಂಬಿದ್ದು ಮಹಾಗನಿ ಮರದ ಪೆಟ್ಟಿಗೆಯನ್ನು. ಓಕ್ ಮರ ಆಮ್ಲದ ಆವಿ ಬಿಡುತ್ತದೆ, ಅದು ಬೇಡ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆಯ ಪಿವಿಸಿ ಆಲ್ಬಮ್‌ಗಳು ಇನ್ನೂ ಕೆಟ್ಟವು. ಪಿವಿಸಿ ಹಳತಾದಂತೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ. ಆ ಜಿಗುಟನ್ನು ಶುದ್ಧ ಅಸಿಟೋನ್ ತೆಗೆಯಬಲ್ಲದು, ಅದು ತಾಮ್ರವನ್ನು ಮುಟ್ಟುವುದಿಲ್ಲ. ಪಾಲಿಯೆಸ್ಟರ್ ಹಾಳೆಯ ಲಕೋಟೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಕರಾವಳಿಯ ಮಳೆಗಾಲದಲ್ಲೂ ನೆಮ್ಮದಿಯಿಂದಿರಬಹುದು.

ತಾಮ್ರಕ್ಕೆ ಬದಲಾಗಿ ತವರವನ್ನು ಹೂಡಿ ಬ್ರಿಟನ್ ಕೈಸುಟ್ಟುಕೊಂಡದ್ದೂ ಉಂಟು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಿಗೆ ನೆರವಾಗಲೆಂದು 1684ರಿಂದ 1692ರವರೆಗೆ ತವರದ ಫಾರ್ದಿಂಗ್‌ಗಳನ್ನು, ಅಂದರೆ ಕಾಲು ಪೆನ್ನಿಯ ನಾಣ್ಯಗಳನ್ನು ಅಚ್ಚಿಸಿ, ಖೋಟಾ ತಡೆಯಲು ನಡುವೆ ತಾಮ್ರದ ಬಿರಡೆ ಕೂರಿಸಿದರು. ಎರಡು ಲೋಹ ತಾಗಿಕೊಂಡಲ್ಲಿ ತೇವ ಸೇರಿದರೆ ಅದೇ ಒಂದು ಪುಟ್ಟ ಬ್ಯಾಟರಿ, ಅದರಲ್ಲಿ ತವರವೇ ಕರಗುವ ತುದಿ. ಆ ನಾಣ್ಯಗಳಲ್ಲಿ ಚೆನ್ನಾಗಿ ಉಳಿದವು ಬಹಳ ಕಡಿಮೆ.

ಬೋಲ್ಟನ್‌ನ ಯಂತ್ರಗಳು ಈಸ್ಟ್ ಇಂಡಿಯಾ ಕಂಪನಿಗೂ ದುಡಿದವು. 1808ರ ದಿನಾಂಕವಿರುವ 10 ಮತ್ತು 20 ಕಾಸಿನ ತಾಮ್ರದ ನಾಣ್ಯಗಳನ್ನು ಹೊತ್ತು ಮದರಾಸಿಗೆ ಹೊರಟಿದ್ದ ಅಡ್ಮಿರಲ್ ಗಾರ್ಡ್ನರ್ ಹಡಗು 1809ರ ಜನವರಿಯಲ್ಲಿ ಕೆಂಟ್ ತೀರದಾಚೆಯ ಗುಡ್ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. ಮಂಗಳೂರು, ಬಳ್ಳಾರಿಗಳು ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಆ ಕಾಸುಗಳು ನಮ್ಮ ಸಂತೆಗಳಿಗೂ ಬರಬಹುದಿತ್ತು. 1980ರ ದಶಕದಲ್ಲಿ ಮುಳುಗುಗಾರರು ಅವನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಪೀಪಾಯಿಗಳ ಹೊರಸುತ್ತಿನವನ್ನು ಸಮುದ್ರ ಕೊರೆದಿತ್ತು, ಒಳಗೆ ಒತ್ತೊತ್ತಾಗಿ ಕೂತವುಗಳಲ್ಲಿ ಸಿಂಹಗಳ ಕೇಸರವೂ ಪಾರಸಿ ಅಕ್ಷರಗಳೂ ಸ್ಪಷ್ಟವಾಗಿದ್ದವು. ಈ ಕಾಸುಗಳು ಇಂದು ಸುಲಭ ಬೆಲೆಗೆ ಸಿಗುತ್ತವೆ, ಹೊಸಬರು ಕೊಳ್ಳಲು ಯೋಗ್ಯ. ಕೊಳ್ಳುವ ಮುನ್ನ ಭೂತಗನ್ನಡಿಯಲ್ಲಿ ಅಕ್ಷರಗಳ ಬುಡವನ್ನು ನೋಡಿ: ಕಡ್ಡಿಯ ತುದಿಗೆ ಉದುರುವ ತಿಳಿಹಸಿರು ಪುಡಿ ಕಂಡರೆ ಸಮುದ್ರದ ಉಪ್ಪು ಒಳಗಿನ್ನೂ ಕೆಲಸ ಮಾಡುತ್ತಿದೆ. ಅಂಥದ್ದನ್ನು ಬಿಟ್ಟು ಗಟ್ಟಿ ಕಂದಿನದನ್ನು ಆರಿಸಿ. ಆರಿಸಿ ತಂದದ್ದನ್ನೂ ಒಂದು ಮಳೆಗಾಲ ಕಳೆಯುವವರೆಗೆ ಉಳಿದ ನಾಣ್ಯಗಳಿಂದ ಬೇರೆಯೇ ಇಡಿ.