ಪದ ಪರಿಚಯ: ಜಲಾನಯನ ಪ್ರದೇಶ, ಲೆನಾ ನದಿಯ ನೆಪದಲ್ಲಿ

ಬಿದ್ದ ಮಳೆ, ಕರಗಿದ ಹಿಮ ಎಲ್ಲಾ ಇಳಿಜಾರು ಹಿಡಿದು ಕೊನೆಗೆ ಒಂದೇ ನದಿಗೆ ಬರುತ್ತದಲ್ವಾ, ಅಷ್ಟೂ ನೆಲ ಆ ನದಿಯ ಜಲಾನಯನ ಪ್ರದೇಶ. ಕಾವೇರಿ ಗಲಾಟೆ ಬಂದಾಗಲೆಲ್ಲ ಈ ಪದ ಪೇಪರಿನಲ್ಲಿ ಓದಿರುತ್ತೀರಿ. ಅದರ ಮಜಾ ಮಾತ್ರ ಸೈಬೀರಿಯಾದ ಲೆನಾ ನದಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಲೆನಾ ಹುಟ್ಟುವುದು ಬೈಕಲ್ ಸರೋವರದ ಪಶ್ಚಿಮದ ಬೆಟ್ಟಗಳಲ್ಲಿ. ಸರೋವರಕ್ಕೂ ಅದಕ್ಕೂ ಹೆಚ್ಚೆಂದರೆ ಹತ್ತು ಕಿಲೋಮೀಟರ್ ದೂರ ಇರಬಹುದು. ಜಗತ್ತಿನ ಅತಿ ಆಳದ ಸರೋವರ ಅಷ್ಟು ಹತ್ತಿರ ಇದ್ದರೂ ಲೆನಾ ಅದಕ್ಕೆ ಸೇರುವುದೇ ಇಲ್ಲ, ಯಾಕೆಂದರೆ ನಡುವೆ ಬೆಟ್ಟದ ಏಣು, ಅಂದರೆ ಬೆಟ್ಟಸಾಲಿನ ನೆತ್ತಿ ಇದೆ. ಆ ಕಡೆ ಇಳಿದ ನೀರು ಬೈಕಲ್ ಸೇರಿ, ಅಂಗಾರಾ ನದಿ ಹಿಡಿದು ಯೆನಿಸೇ ನದಿಗೆ ಹೋಗುತ್ತದೆ. ಈ ಕಡೆ ಇಳಿದದ್ದು ಲೆನಾದಲ್ಲಿ ಸುಮಾರು 4,300 ಕಿ.ಮೀ. ಹರಿದು ಉತ್ತರದ ಲಾಪ್ಟೆವ್ ಸಮುದ್ರಕ್ಕೆ ಬೀಳುತ್ತದೆ. ಹೀಗೆ ನೀರನ್ನು ಎರಡು ಪಾಲು ಮಾಡುವ ನೆತ್ತಿಗೆ ಜಲವಿಭಾಜಕ ಎನ್ನುತ್ತಾರೆ.

ಲೆನಾದ ಜಲಾನಯನ ಸುಮಾರು 25 ಲಕ್ಷ ಚದರ ಕಿ.ಮೀ., ಅಂದರೆ ಭಾರತದ ಮುಕ್ಕಾಲು ಭಾಗದಷ್ಟು! ಒಂದು ನದಿ ಒಂಟಿಯಾಗಿ ಅಷ್ಟು ನೆಲದ ನೀರು ಬಾಚಿಕೊಳ್ಳಲು ಆಗುವುದಿಲ್ಲ, ಆ ಕೆಲಸ ಉಪನದಿಗಳದ್ದು. ಬಲದಂಡೆಗೆ ವಿಟಿಮ್, ಒಲ್ಯೋಕ್ಮಾ, ಅಲ್ದಾನ್ ಸೇರುತ್ತವೆ. ಎಡದಂಡೆಗೆ ವಿಲ್ಯುಯ್. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಎಡ-ಬಲ ಹೇಳುವುದು ರೂಢಿ, ಹಾಗಾಗಿ ಉತ್ತರಕ್ಕೆ ಹರಿಯುವ ಲೆನಾಕ್ಕೆ ಬಲ ಅಂದರೆ ಪೂರ್ವ. ಅಲ್ದಾನ್, ವಿಲ್ಯುಯ್ ಎರಡೂ 2,000 ಕಿ.ಮೀ. ದಾಟಿದ ನದಿಗಳು, ಸುಮ್ನೆ ಹಳ್ಳ ಅಂದುಕೊಳ್ಳಬೇಡಿ.

ಜಲಾನಯನ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಆ ನೆಲ ಎಂಥದ್ದು ಅನ್ನುವುದನ್ನೂ ನೋಡಬೇಕು. ಇಲ್ಲಿ ಬಹುಪಾಲು ನೆಲದ ಒಳಪದರ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ನೀರು ಇಂಗುವುದು ಕಡಿಮೆ. ಚಳಿಗಾಲದಲ್ಲಿ ಹರಿವು ತೀರಾ ಸಣ್ಣದಾಗಿ, ಮೇ-ಜೂನಿನಲ್ಲಿ ಹಿಮ ಕರಗಿದಾಗ ನೀರೆಲ್ಲ ಒಟ್ಟಿಗೇ ನುಗ್ಗುತ್ತದೆ. ತೊಂದರೆ ಏನೆಂದರೆ ದಕ್ಷಿಣದಲ್ಲಿ ಮೊದಲು ಕರಗುತ್ತದೆ, ಕೆಳಗೆ ಉತ್ತರದಲ್ಲಿ ನದಿ ಇನ್ನೂ ಮಂಜುಗಡ್ಡೆಯಾಗಿಯೇ ಇರುತ್ತದೆ. ಒಡೆದ ಗಡ್ಡೆಗಳು ಸಿಕ್ಕಿಹಾಕಿಕೊಂಡು ಅಣೆಕಟ್ಟಿನ ಹಾಗೆ ನೀರನ್ನು ತಡೆಯುತ್ತವೆ. 2001ರ ಮೇ ತಿಂಗಳಲ್ಲಿ ಲೆನಾ ದಂಡೆಯ ಲೆನ್ಸ್ಕ್ ಪಟ್ಟಣ ಮುಳುಗಿದ್ದು ಹೀಗೇ. ವಿಟಿಮ್ ಲೆನಾಕ್ಕೆ ಸೇರುವುದು ಈ ಊರಿಗಿಂತ ಮೇಲೆ, ಹಾಗಾಗಿ ಅದರ ನೀರೂ ಇಲ್ಲಿಗೇ ಬರಬೇಕು. ಕೊನೆಗೆ ವಿಮಾನದಿಂದ ಬಾಂಬ್ ಹಾಕಿ ಮಂಜುಗಡ್ಡೆ ಒಡೆಯಬೇಕಾಯಿತು.