ಪೆಟ್ಟು ತಿಂದ ಎಳೆ ಹಲ್ಲಿನ ಬೇರು ಮತ್ತೆ ಬೆಳೆಯುತ್ತದೆಯೇ?

ಪ್ರಶ್ನೆ: ಮಗನಿಗೆ 8 ವರ್ಷ. ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲಿ ಜಾರಿ ಬಿದ್ದು ಮೇಲಿನ ಎದುರಿನ ಹಲ್ಲು ಮುರಿದಿತ್ತು. ನೋವಿಲ್ಲವೆಂದು ಸುಮ್ಮನಿದ್ದೆವು. ಈಗ ಒಸಡಿನಲ್ಲಿ ಕೀವಿನ ಗುಳ್ಳೆ. ಮಣಿಪಾಲದಲ್ಲಿ ತೋರಿಸಿದಾಗ ‘ರೀಜನರೇಟಿವ್ ಮಾಡೋಣ’ ಎಂದರು. ಮಾಮೂಲಿ ರೂಟ್ ಕೆನಾಲ್ ಯಾಕಾಗದು? ಸತ್ತ ಹಲ್ಲು ಬೆಳೆಯುತ್ತದಾ? (ಉಡುಪಿಯ ಓದುಗರು)

ಉತ್ತರ: ಈ ಹಲ್ಲು 7–8ರ ಪ್ರಾಯಕ್ಕೆ ಹೊರಬಂದರೂ ಬೇರು ಪೂರ್ತಿಯಾಗಲು ಮತ್ತೆ ಸುಮಾರು 3 ವರ್ಷ ಬೇಕು. ಬೇರನ್ನು ಕಟ್ಟುವುದು ಒಳಗಿನ ತಿರುಳು. ಅದು ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ: ಗಿಡ್ಡ, ಗೋಡೆ ತೆಳು, ತುದಿ ಅಗಲಕ್ಕೆ ತೆರೆದದ್ದು. ಮಾಮೂಲಿ ರೂಟ್ ಕೆನಾಲಿನಲ್ಲಿ ತುಂಬುವ ಗಟ್ಟಾಪರ್ಚಾ (ರಬ್ಬರಿನಂಥ ವಸ್ತು) ನಿಲ್ಲಲು ಕಿರಿದಾದ ತುದಿ ಬೇಕು. ಇಲ್ಲಿ ಅದು ಬೇರಿನಾಚೆ ಹೋಗಿಬಿಡುತ್ತದೆ. ತುದಿಗೆ 3–5 ಮಿ.ಮೀ. ಎಂಟಿಎ ಸಿಮೆಂಟು ಹಾಕಿ ಮುಚ್ಚುವ ಕ್ರಮವೂ ಇದೆ, ನಂಬಬಹುದಾದದ್ದೇ. ಆದರೆ ಗೋಡೆ ತೆಳುವಾಗಿಯೇ ಉಳಿಯುವುದರಿಂದ ಇನ್ನೊಂದು ಪೆಟ್ಟಿಗೆ ಬುಡದಲ್ಲೇ ಮುರಿಯುವ ಭಯವಿರುತ್ತದೆ.

ರೀಜನರೇಟಿವ್ ಚಿಕಿತ್ಸೆ ಎಂದರೆ ಸತ್ತ ತಿರುಳಿನ ಜಾಗದಲ್ಲಿ ಹೊಸ ಜೀವಂತ ಅಂಗಾಂಶ ಬೆಳೆಯಲು ಅನುವು ಮಾಡುವುದು. ಸಾಮಾನ್ಯವಾಗಿ ಎರಡು ಭೇಟಿಯದ್ದು. ಮೊದಲನೆಯದರಲ್ಲಿ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ತಡೆಯುವ ರಬ್ಬರ್ ಹಾಳೆ) ಕಟ್ಟಿ, ಕ್ರಿಮಿ ಕೊಲ್ಲುವ 1.5% ಸೋಡಿಯಂ ಹೈಪೋಕ್ಲೋರೈಟ್ 20 ಮಿ.ಲೀ.ನಷ್ಟನ್ನು 5 ನಿಮಿಷ ನಿಧಾನವಾಗಿ ಹರಿಸಿ ತೊಳೆಯುತ್ತಾರೆ. ಗೋಡೆಯನ್ನು ಫೈಲಿನಿಂದ (ಸೂಜಿಯಂಥ ಸಣ್ಣ ಅರದಿಂದ) ಕೆರೆಯುವುದಿಲ್ಲ, ಇರುವುದೇ ತೆಳು. ಹೈಪೋಕ್ಲೋರೈಟ್ ಜಾಸ್ತಿ ಖಾರವಾದರೆ ಬೇರಿನ ತುದಿಯ ಕಾಂಡಕೋಶಗಳೂ (ಹೊಸ ಅಂಗಾಂಶ ಹುಟ್ಟಿಸಬಲ್ಲ ಸ್ಟೆಮ್ ಸೆಲ್‌ಗಳು) ಸಾಯುತ್ತವೆ; ನಮಗೆ ಬೇಕಾದದ್ದೇ ಅವು. ಆಮೇಲೆ ಕ್ರಿಮಿ ತಡೆಯುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಹಾಕಿ 1–4 ವಾರ ಮುಚ್ಚಿಡುತ್ತಾರೆ. ಕೆಲವರು ಮೂರು ಆ್ಯಂಟಿಬಯಾಟಿಕ್‌ಗಳ ಪೇಸ್ಟ್ ಬಳಸುತ್ತಾರೆ. ಅದರಲ್ಲಿ ಮಿನೋಸೈಕ್ಲಿನ್ ಇದ್ದರೆ ಹಲ್ಲು ಕಪ್ಪಾಗಬಹುದು, ಕೇಳಿಕೊಳ್ಳಿ.

ಗುಳ್ಳೆ ಹೋಗದೆ ಎರಡನೇ ಹಂತ ಇಲ್ಲ. ಹೋಗಿದ್ದರೆ ಆ ದಿನ ಅಡ್ರಿನಲಿನ್ ಇಲ್ಲದ ಅರಿವಳಿಕೆ ಕೊಡುತ್ತಾರೆ, ಯಾಕೆಂದರೆ ಅಡ್ರಿನಲಿನ್ ರಕ್ತನಾಳವನ್ನು ಬಿಗಿಯುತ್ತದೆ, ಇಲ್ಲಿ ರಕ್ತ ಬರಲೇಬೇಕು. 17% ಇಡಿಟಿಎ ಎಂಬ ದ್ರಾವಣದಿಂದ ತೊಳೆದು, ತುದಿ ಬಾಗಿಸಿದ ಫೈಲನ್ನು ಬೇರಿನಾಚೆ 2 ಮಿ.ಮೀ. ಇಳಿಸಿ ರಕ್ತ ಬರಿಸುತ್ತಾರೆ. ನೋಡಿ ಗಾಬರಿಯಾಗಬೇಡಿ. ಕಾಂಡಕೋಶಗಳು ಒಳಗೆ ಬರುವುದು ಆ ರಕ್ತದ ಜೊತೆಗೇ, ಹೆಪ್ಪು ಅವಕ್ಕೆ ಹಂದರ. ಹೆಪ್ಪಿನ ಮೇಲೆ ಸುಮಾರು 3 ಮಿ.ಮೀ. ಎಂಟಿಎ ಅಥವಾ ಅಂಥದ್ದೇ ಸಿಮೆಂಟಾದ ಬಯೋಡೆಂಟಿನ್, ಅದರ ಮೇಲೆ ಗಟ್ಟಿ ಫಿಲ್ಲಿಂಗ್. ರಕ್ತ ಬರದಿದ್ದರೆ ಹೆಚ್ಚಿನವರು ಎಂಟಿಎ ಕ್ರಮಕ್ಕೇ ಮರಳುತ್ತಾರೆ.

ಬೆಳೆಯುತ್ತದೆಯೇ ಎಂದರೆ, ಮೊದಲ ಗುರಿ ಸೋಂಕು ಹೋಗಿ ಎಲುಬು ವಾಸಿಯಾಗುವುದು. ಅದು ಬಹುತೇಕ ಆಗುತ್ತದೆ. ಗೋಡೆ ದಪ್ಪವಾಗುವುದು, ಉದ್ದ ಬೆಳೆಯುವುದು ಅದೃಷ್ಟದ ಮಾತು, ಮಗುವಿನಿಂದ ಮಗುವಿಗೆ ಬೇರೆ. ಒಳಗೆ ಹುಟ್ಟುವುದೂ ಹಳೆಯ ತಿರುಳಲ್ಲ, ಹೆಚ್ಚಾಗಿ ಸಿಮೆಂಟಮ್ (ಬೇರಿನ ಹೊರಪದರದ ಅಂಗಾಂಶ), ಎಲುಬಿನಂಥ ಅಂಗಾಂಶ. ಹಾಗಾಗಿ ತಣ್ಣೀರಿಗೆ ಜುಂ ಅನ್ನದಿದ್ದರೆ ಸೋತಿತು ಎಂದುಕೊಳ್ಳಬೇಡಿ. ಹಲ್ಲು ಪೂರ್ತಿ ಕಿತ್ತು ಬಂದು ಮರಳಿ ಕೂರಿಸಿದ್ದಾದರೆ ಭರವಸೆ ಕಡಿಮೆ. ನಿಮ್ಮದು ಬರೀ ಮುರಿದದ್ದು.

ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ. ನಂತರ 6, 12, 24 ತಿಂಗಳಿಗೆ ತೋರಿಸಿ. ನೋವಿಲ್ಲವೆಂದು ತಪ್ಪಿಸಬೇಡಿ, ಗುಳ್ಳೆ ನೋವಿಲ್ಲದೆಯೇ ಮರಳಬಹುದು. ಮರಳಿದರೂ ಹಲ್ಲು ಕೀಳಿಸಲು ಅವಸರ ಬೇಡ, ಎಂಟಿಎ ದಾರಿ ಆಗಲೂ ತೆರೆದಿರುತ್ತದೆ. ದವಡೆ ಬೆಳೆದು ಮುಗಿಯುವವರೆಗೆ ಇಂಪ್ಲಾಂಟ್ ಹಾಕುವಂತಿಲ್ಲ.